ಲಸಿಕೆ ಹಾಕಿಸಿದ ಹಸುವಿಗೂ ಉಣ್ಣೆ ಜ್ವರ ಬಂದರೆ ಏನು ಮಾಡಬೇಕು

"ಲಸಿಕೆ ಹಾಕ್ಸಿದ್ವಲ್ಲ ಮೇಡಂ, ಮತ್ಯಾಕೆ ಬಂತು?"

ಮಳೆಗಾಲ ಶುರುವಾಯಿತೆಂದರೆ ಚಳ್ಳಕೆರೆ ಸೀಮೆಯಲ್ಲಿ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಸಿಟ್ಟಿರುತ್ತದೆ. ಇರಲೇಬೇಕು ಬಿಡಿ. ಸಾಲ ಮಾಡಿ ತಂದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ಎಂಬ ಸೀಮೆ ತಳಿಯ) ಹಸು ಅದು. ಎರಡು ಹೊತ್ತು ಡೈರಿಗೆ ಹಾಲು ಹಾಕಿಯೇ ಆ ಸಾಲ ತೀರಬೇಕು. ನಾನು ಪಶುವೈದ್ಯೆ. ಹುಟ್ಟಿ ಬೆಳೆದದ್ದು ಹರಿಹರದ ಹತ್ತಿರ, ಭದ್ರಾ ಚಾನೆಲ್ಲಿನ ಅಚ್ಚುಕಟ್ಟಿನಲ್ಲಿ. ಕೆಲಸ ಮಾಡುತ್ತಿರುವುದು ಚಿತ್ರದುರ್ಗ ಜಿಲ್ಲೆಯ ಬಯಲಿನಲ್ಲಿ. ಎರಡೂ ಕಡೆಯ ಕೊಟ್ಟಿಗೆ ನೋಡಿದ್ದೇನೆ, ದನದ ಮೈಗೆ ಕಚ್ಚಿ ರಕ್ತ ಹೀರುವ ಎರಡೂ ಕಡೆಯ ಉಣ್ಣೆ (ಉಣುಗು) ನೋಡಿದ್ದೇನೆ. ಆ ಪ್ರಶ್ನೆಗೆ ಹಸುವಿನ ಪಕ್ಕ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಿದರೆ ಸಾಲುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಲಸಿಕೆ ಸುಳ್ಳಲ್ಲ, ಹಾಕಿಸಿ. ಆದರೆ ಅದರ ಮೇಲೇ ಎಲ್ಲ ಭಾರ ಹಾಕಬೇಡಿ. ಮತ್ತೆ, ಲಸಿಕೆ ಹಾಕಿಸಿದ ಹಸುವಿಗೆ ಜ್ವರ ಬಂದರೆ ಔಷಧಿ ಚುಚ್ಚಿಸುವ ಮೊದಲು ರಕ್ತ ತೆಗೆಸಿ. ಈ ಬರಹದಿಂದ ನಿಮಗೆ ಒಂದೇ ವಿಷಯ ನೆನಪು ಉಳಿಯುವುದಾದರೆ ಅದು ಇದೇ ಆಗಿರಲಿ.

ಉಣ್ಣೆ ಜ್ವರ ಒಂದೇ ರೋಗ ಅಲ್ಲ

ನಾವೆಲ್ಲ ಸುಮ್ನೆ ಉಣ್ಣೆ ಜ್ವರ ಅಂದುಬಿಡುತ್ತೇವೆ. ಅದರೊಳಗೆ ಕಡಿಮೆ ಅಂದರೂ ಮೂರು ರೋಗಗಳಿವೆ. ಮೊದಲನೆಯದು ಥೈಲೇರಿಯಾ. ನಮ್ಮ ಕಡೆಯ ಮಿಶ್ರತಳಿ ಹಸುಗಳನ್ನು ಹೆಚ್ಚಾಗಿ ಕಾಡುವುದು ಥೈಲೇರಿಯಾ ಆನ್ಯುಲೇಟಾ ಎಂಬ ಜೀವಿ. ಇದನ್ನು ಹರಡುವುದು ಹಯಲೊಮ್ಮ ಜಾತಿಯ ಉಣ್ಣೆ. ಕಂದು ಮೈ, ಉದ್ದ ಕಾಲು, ಕಾಲಿನ ಮೇಲೆ ಬಿಳಿ ಪಟ್ಟಿ ಇರುತ್ತದೆ. ಎರಡನೆಯದು ಬೆಬೇಸಿಯಾ. ಮೂತ್ರ ಕೆಂಪಗೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದಲ್ಲ, ಅದು. ಇದರ ಉಣ್ಣೆ ಬೇರೆ. ಗಿಡ್ಡ ಕಾಲು, ರಕ್ತ ಕುಡಿದು ಉಬ್ಬಿದಾಗ ಬೂದಿ ನೀಲಿ ಬಣ್ಣ. ಮೂರನೆಯದು ಅನಾಪ್ಲಾಸ್ಮಾ. ಇದು ಬ್ಯಾಕ್ಟೀರಿಯಾ. ಉಣ್ಣೆಯಿಂದ ಹರಡುವ ಹಾಗೆ ಕಚ್ಚುವ ನೊಣದಿಂದಲೂ ಹರಡುತ್ತದೆ, ಒಂದೇ ಸೂಜಿಯಲ್ಲಿ ನಾಲ್ಕು ದನಕ್ಕೆ ಚುಚ್ಚಿದರೂ ಹರಡುತ್ತದೆ.

ನಮ್ಮಲ್ಲಿ ಸಿಗುವ ಲಸಿಕೆ ಈ ಮೂರರಲ್ಲಿ ಥೈಲೇರಿಯಾ ಆನ್ಯುಲೇಟಾಕ್ಕೆ ಮಾತ್ರ. ರಕ್ಷಾವ್ಯಾಕ್-ಟಿ ಎಂದು ಹೆಸರು, ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ತಯಾರಿಸುತ್ತದೆ. ಅಂದಮೇಲೆ ಲಸಿಕೆ ಹಾಕಿಸಿದ ಹಸುವಿನ ಮೂತ್ರ ಕೆಂಪಾದರೆ ಅದು ಲಸಿಕೆಯ ತಪ್ಪಲ್ಲ. ಬಂದಿರುವ ರೋಗವೇ ಬೇರೆ.

ಇನ್ನೊಂದು ತೊಡಕೂ ಇದೆ. ಥೈಲೇರಿಯಾ ಓರಿಯೆಂಟಾಲಿಸ್ ಎಂಬ ದಾಯಾದಿ ಜೀವಿ ಇದೆ. ಇದು ದನವನ್ನು ಅಷ್ಟೇನೂ ಕಾಡುವುದಿಲ್ಲ ಎಂದೇ ತುಂಬಾ ವರ್ಷ ತಿಳಿದಿದ್ದರು. ಆಮೇಲೆ ಇದರಿಂದ ಕೇರಳದಲ್ಲಿ ಮಿಶ್ರತಳಿ ಹಸುಗಳು ಸತ್ತದ್ದು ವರದಿಯಾಯಿತು. ನ್ಯೂಜಿಲೆಂಡಿನಲ್ಲಿ 2012ರಿಂದ ಇದರ ಇಕೆಡಾ ಎಂಬ ಒಳತಳಿ ದೊಡ್ಡ ಹಾವಳಿ ಮಾಡಿತು. 2017ರಲ್ಲಿ ಅಮೆರಿಕದ ವರ್ಜೀನಿಯಾದಲ್ಲೂ ಕಾಣಿಸಿತು. ಜೀವಿ ಒಂದೇ, ಹೆಸರು ಒಂದೇ. ಒಂದು ಒಳತಳಿ ಸುಮ್ಮನಿರುತ್ತದೆ, ಇನ್ನೊಂದು ದನ ಕೊಲ್ಲುತ್ತದೆ. ಆನ್ಯುಲೇಟಾ ಲಸಿಕೆ ಇದನ್ನು ತಡೆಯುವುದಿಲ್ಲ.

ಒಂದೇ ಹೆಸರು, ಹಲವು ತಳಿ

ಚಳ್ಳಕೆರೆಯವರಿಗೆ ಇದನ್ನು ಶೇಂಗಾದ ಲೆಕ್ಕದಲ್ಲಿ ಹೇಳುತ್ತೇನೆ. ಟಿಎಂವಿ-2 ಕೂಡ ಶೇಂಗಾ, ಬೇರೆ ತಳಿಗಳೂ ಶೇಂಗಾ. ದೂರದಿಂದ ಹೊಲ ನೋಡಿದವರಿಗೆ ಎಲ್ಲವೂ ಒಂದೇ. ಬಿತ್ತಿದವರಿಗೆ ಗೊತ್ತು, ಯಾವುದು ರೋಗ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಅಂತ. ಥೈಲೇರಿಯಾದಲ್ಲೂ ಹೀಗೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ಕೆಂಪು ರಕ್ತಕಣದೊಳಗಿನ ಪುಟ್ಟ ಉಂಗುರ. ಡಿಎನ್‌ಎ ಓದಿದರೆ ಒಂದು ಊರಿನದು ಇನ್ನೊಂದು ಊರಿನದಕ್ಕೆ ಹೊಂದುವುದಿಲ್ಲ.

ಇಷ್ಟೊಂದು ತಳಿ ಎಲ್ಲಿಂದ ಬಂದವು? ಉಣ್ಣೆಯ ಹೊಟ್ಟೆಯಿಂದ. ಈ ಜೀವಿಯ ಗಂಡು ಹೆಣ್ಣು ರೂಪಗಳು ಕೂಡುವುದು ಅಲ್ಲೇ. ಒಂದು ದನದ ರಕ್ತದಲ್ಲಿ ಒಂದೇ ಹೊತ್ತಿಗೆ ಹಲವು ತಳಿ ಇರುತ್ತವೆ. ಉಣ್ಣೆ ಆ ರಕ್ತ ಕುಡಿದಾಗ ಎಲ್ಲವೂ ಅದರ ಹೊಟ್ಟೆಯಲ್ಲಿ ಬೆರೆತು, ಮುಂದಿನ ದನಕ್ಕೆ ಹೋಗುವಾಗ ಹೊಸ ಬೆರಕೆಯಾಗಿ ಹೋಗುತ್ತವೆ. ಟ್ಯುನೀಷಿಯಾ ಮತ್ತು ಟರ್ಕಿಯಲ್ಲಿ ವಿಜ್ಞಾನಿಗಳು ದನಗಳ ರಕ್ತ ತೆಗೆದು ನೋಡಿದಾಗ ಒಂದೊಂದು ದನದಲ್ಲೂ ಇಂಥ ಹಲವು ತಳಿ ಸಿಕ್ಕವು. ಒಂದು ದೇಶದವು ಇನ್ನೊಂದು ದೇಶದವುಗಳಿಂದ ಬೇರೆಯಾಗಿಯೇ ಇದ್ದವು. ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯವರು ನಮ್ಮ ದೇಶದ ದನಗಳ ರಕ್ತವನ್ನೂ ನಮ್ಮ ಲಸಿಕೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹೊರಗಿನ ದನಗಳಲ್ಲಿ ತಳಿಗಳ ಸಂತೆಯೇ ಇತ್ತು. ಲಸಿಕೆಯಲ್ಲಿ ವೈವಿಧ್ಯ ಕಡಿಮೆ.

ಕಡಿಮೆ ಯಾಕೆ ಎಂದರೆ ಲಸಿಕೆ ತಯಾರಿಸುವ ಬಗೆಯೇ ಹಾಗಿದೆ. ರೋಗ ಬಂದ ದನದ ಬಿಳಿ ರಕ್ತಕಣಗಳನ್ನು, ಒಳಗಿನ ಜೀವಿಯ ಸಮೇತ, ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಬೆಳೆಸುತ್ತಾರೆ. ಮತ್ತೆ ಮತ್ತೆ ಹೊಸ ಪಾತ್ರೆಗೆ ದಾಟಿಸುತ್ತಾರೆ. ನೂರು ಸಲ, ಅದಕ್ಕೂ ಹೆಚ್ಚು. ಹೀಗೆ ಬೆಳೆದು ಬೆಳೆದು ಅದರ ಸೊಕ್ಕು ಇಳಿಯುತ್ತದೆ. ದನಕ್ಕೆ ಚುಚ್ಚಿದರೆ ರೋಗ ಬರಿಸುವುದಿಲ್ಲ, ಮೈಗೆ ಪಾಠ ಮಾತ್ರ ಕಲಿಸುತ್ತದೆ. ಈ ದಾರಿ ತೋರಿಸಿದ್ದು ಇಸ್ರೇಲಿನವರು. ಆದರೆ ಅಷ್ಟು ದಿನ ಬೆಳೆಸುವಾಗ ಬೇಗ ಬೆಳೆಯುವ ಕೆಲವು ತಳಿಗಳಷ್ಟೇ ಉಳಿದು ಮಿಕ್ಕವು ಕಳೆದುಹೋಗುತ್ತವೆ.

ಆ ಉಳಿದ ತಳಿಯ ಗುರುತನ್ನು ಹಸುವಿನ ರಕ್ಷಕ ಕಣಗಳು ಕಲಿಯುತ್ತವೆ. ಹಟ್ಟಿಯಲ್ಲಿ ಕಚ್ಚಿದ ಉಣ್ಣೆ ಅದಕ್ಕೆ ಹತ್ತಿರದ ತಳಿ ತಂದರೆ ಹಸುವಿಗೆ ಏನೂ ಆಗುವುದಿಲ್ಲ. ಸ್ವಲ್ಪ ಬೇರೆ ತಳಿ ಬಂದರೆ ಎರಡು ದಿನ ಮೈ ಬೆಚ್ಚಗಾಗಿ ಚೇತರಿಸಿಕೊಳ್ಳುತ್ತದೆ. ತೀರಾ ಬೇರೆಯದು ಬಂದು, ಕಚ್ಚಿದ ಉಣ್ಣೆಗಳೂ ಜಾಸ್ತಿ ಇದ್ದರೆ, ಲಸಿಕೆ ಆದ ಹಸುವೂ ಮಲಗಬಹುದು. ಲಸಿಕೆ ಸೋಂಕನ್ನೇ ತಡೆಯುವುದಿಲ್ಲ ಎನ್ನುವುದೂ ತಿಳಿದಿರಲಿ. ರೋಗದ ಜೋರು ಇಳಿಸುತ್ತದೆ, ಸಾವು ತಪ್ಪಿಸುತ್ತದೆ. ಆ ಹಸುವಿನ ರಕ್ತದಲ್ಲಿ ಹೊರಗಿನ ತಳಿ ಸಣ್ಣಗೆ ಉಳಿದು ಮುಂದಿನ ಉಣ್ಣೆಗೆ ಸಿಗುತ್ತದೆ.

ಪೂರ್ವ ಆಫ್ರಿಕಾದವರು ಇದೇ ತೊಂದರೆಯನ್ನು ಬೇರೆ ರೀತಿ ನಿಭಾಯಿಸಿದರು. ಅಲ್ಲಿ ಥೈಲೇರಿಯಾ ಪಾರ್ವಾ ಎಂಬ ಇನ್ನೊಂದು ಜೀವಿ ದನ ಕೊಲ್ಲುತ್ತದೆ. ಒಂದು ತಳಿಯಿಂದ ಮಾಡಿದ ಲಸಿಕೆ ಸಾಲಲಿಲ್ಲ. ಮುಗುಗ, ಕಿಯಾಂಬು, ಸೆರೆಂಗೆಟಿ ಎಂಬ ಮೂರು ತಳಿ ಬೆರೆಸಿ ಮುಗುಗ ಕಾಕ್‌ಟೇಲ್ ಮಾಡಿದರು. ಅದರಲ್ಲಿ ಜೀವಿ ಬಲವಾಗಿಯೇ ಇರುತ್ತದೆ, ಹಾಗಾಗಿ ಜೊತೆಗೆ ಟೆಟ್ರಾಸೈಕ್ಲಿನ್ ಇಂಜೆಕ್ಷನ್ ಕೊಡಲೇಬೇಕು. ನಮ್ಮ ಲಸಿಕೆಯಲ್ಲೂ ಮುಂದೆ ಇಲ್ಲಿಯ ತಳಿಗಳು ಸೇರಬೇಕೆಂದರೆ ಮೊದಲು ಇಲ್ಲಿ ಏನೇನಿದೆ ಅಂತ ಗೊತ್ತಾಗಬೇಕು. ರಕ್ತ ತೆಗೆಸಿ ಎಂದು ನಾನು ಬೆನ್ನು ಬೀಳುವುದು ಅದಕ್ಕೇ.

ನಮ್ಮ ಸೀಮೆಯ ವಿಶೇಷ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸನಾಯಕ ಸಮುದಾಯದವರು ದೇವರ ಹೆಸರಿನಲ್ಲಿ ಸಾಕುವ ದೇವರ ಎತ್ತುಗಳಿವೆ. ಅವನ್ನು ಕಾಯುವ ಕಿಲಾರಿಗಳು ಕಾವಲಿನಲ್ಲಿ (ಹುಲ್ಲುಗಾವಲಿನಲ್ಲಿ) ಮೇಯಿಸಿ ರೊಪ್ಪಕ್ಕೆ (ದೊಡ್ಡಿಗೆ) ಹೊಡೆದುಕೊಂಡು ಬರುತ್ತಾರೆ. ಈ ನಾಟಿ ದನಗಳಿಗೆ ಉಣ್ಣೆ ಕಚ್ಚುತ್ತದೆ, ಜೀವಿ ರಕ್ತಕ್ಕೆ ಹೋಗುತ್ತದೆ, ದನ ಮಾತ್ರ ಮೇಯುತ್ತಲೇ ಇರುತ್ತದೆ. ತಲೆತಲಾಂತರದಿಂದ ಈ ರೋಗದ ಜೊತೆ ಬದುಕಿ ಬಂದ ದನಗಳು ಅವು. ನಾಟಿ ದನದ ಮೈ ಈ ಜೀವಿಗೆ ಬೇರೆ ಥರ ಉತ್ತರ ಕೊಡುತ್ತದೆ ಎಂದು ಸಾಹಿವಾಲ್ ಕರುಗಳ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಒಬ್ಬ ಕಿಲಾರಿ ಅಜ್ಜ ನನಗೆ ಹೇಳಿದ್ದರು, "ನಮ್ ದನಕ್ಕೆ ಉಣ್ಣೆ ಹೊಸ್ದಲ್ಲವ್ವ, ನಿಮ್ ಸೀಮೆ ಹಸಕ್ಕೆ ಹೊಸ್ದು." ನೂರಕ್ಕೆ ನೂರು ಸರಿ. ಅದೇ ಕಾವಲಿನ ಅಂಚಿನಲ್ಲಿ ಯಾರೋ ಎಚ್‌ಎಫ್ ಕಟ್ಟಿದ್ದರೆ, ನಾಟಿ ದನ ತಾಳಿಕೊಳ್ಳುವ ಥೈಲೇರಿಯಾ ತಳಿಗಳೆಲ್ಲ ಉಣ್ಣೆ ಹತ್ತಿ ಅಲ್ಲಿಗೂ ಬರುತ್ತವೆ. ಇದರಲ್ಲಿ ದೇವರ ಎತ್ತಿನ ತಪ್ಪೇನೂ ಇಲ್ಲ. ಎಚ್‌ಎಫ್ ಕಟ್ಟಿದವರು ಎಚ್ಚರ ವಹಿಸಬೇಕು, ಅಷ್ಟೇ.

ಹರಿಹರ, ಚನ್ನಗಿರಿ ಕಡೆ ಕಥೆ ಬೇರೆ. ಅಲ್ಲಿ ದನ ಹೊರಗೆ ಮೇಯುವುದು ಕಡಿಮೆ, ಕಟ್ಟಿ ಮೇಯಿಸುತ್ತಾರೆ. ಥೈಲೇರಿಯಾ ತಳಿಗಳು ಬರುವುದು ಸಂತೆಯಿಂದ, ಲಾರಿಯಿಂದ.

ಕರುಗಳಿಗೆ ಲಸಿಕೆ: ಯಾವಾಗ, ಹೇಗೆ

ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಹಾಕಿಸಬಹುದು. ಡೋಸು 3 ಮಿಲಿ, ಚರ್ಮದ ಕೆಳಗೆ. ನಾಟಿ ಕರುಗಳಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ತುಂಬು ಗಬ್ಬದ ಹಸುವಿಗೆ, ಜ್ವರ ಇರುವ ದನಕ್ಕೆ, ಈಗಷ್ಟೇ ಲಾರಿ ಇಳಿದು ಸೊರಗಿದ ದನಕ್ಕೆ ಬೇಡ.

ನನ್ನ ಸಲಹೆ, ದೀಪಾವಳಿ ಕಳೆದ ಮೇಲೆ ಶಿವರಾತ್ರಿಯೊಳಗೆ ಮುಗಿಸಿ. ಚುಚ್ಚಿದ ಮಾರನೇ ದಿನವೇ ರಕ್ಷಣೆ ಬರುವುದಿಲ್ಲ, ವಾರಗಳು ಬೇಕು. ಬಿಸಿಲು ಏರಿದ ಮೇಲೆ ಉಣ್ಣೆ ಏರುತ್ತದೆ, ಮುಂಗಾರು ಬಿದ್ದ ಮೇಲೆ ಕೇಳುವುದೇ ಬೇಡ. ಜೂನಿನಲ್ಲಿ ಪಕ್ಕದ ಮನೆ ಹಸು ಸತ್ತ ಮೇಲೆ ಲಸಿಕೆಗೆ ಓಡಿ ಬಂದರೆ ತಡವಾಯಿತು ಅಂತಲೇ ಅರ್ಥ. ಲಸಿಕೆ ಆದ ಮೇಲಿನ ವಾರಗಳಲ್ಲೂ ಉಣ್ಣೆ ಹತ್ತದ ಹಾಗೆ ಕರುವನ್ನು ನೋಡಿಕೊಳ್ಳಿ.

ಈ ಲಸಿಕೆ ಜೀವಂತ ಕಣಗಳಿಂದ ಮಾಡಿದ್ದು. ಫ್ರಿಜ್ಜಿನಲ್ಲಿ ಇಟ್ಟರೆ ಸಾಯುತ್ತದೆ. ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಕ್ಯಾನಿನಲ್ಲೇ ಬರಬೇಕು, ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳು ಬರುತ್ತವಲ್ಲ, ಅಂಥ ಕ್ಯಾನಿನಲ್ಲಿ. ಯಾರಾದರೂ ಐಸ್ ಬಾಕ್ಸಿನಲ್ಲಿ ತಂದು ಥೈಲೇರಿಯಾ ಲಸಿಕೆ ಎಂದರೆ ಹಾಕಿಸಬೇಡಿ. ಕರಗಿಸಿದ ಮೇಲೆ ಜೊತೆಗೆ ಬಂದ ದ್ರಾವಣದಲ್ಲಿ ಬೆರೆಸಿ, ಚೀಟಿಯಲ್ಲಿ ಬರೆದ ಸಮಯದೊಳಗೆ ಚುಚ್ಚಿ ಮುಗಿಸಬೇಕು. ಒಂದು ವಯಲ್ಲಿನಲ್ಲಿ ಹಲವು ಕರುಗಳ ಡೋಸು ಇರುತ್ತದೆ. ಅದಕ್ಕೇ ಒಬ್ಬರೇ ಬಂದು ಕೇಳಿದರೆ ಕಷ್ಟ. ಡೈರಿ ಕಾರ್ಯದರ್ಶಿಗೆ ಹೇಳಿ ಊರಿನ ಕರುಗಳ ಪಟ್ಟಿ ಮಾಡಿಸಿ, ಒಂದೇ ಬೆಳಿಗ್ಗೆ ಒಂದೇ ಕಡೆ ಕಟ್ಟಿ ಹಾಕಿಸಿ. ಕಿವಿಯೋಲೆಯ 12 ಅಂಕಿ, ಲಸಿಕೆಯ ಬ್ಯಾಚ್ ನಂಬರು, ತಾರೀಖು ಈ ಮೂರನ್ನು ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮುಂದೆ ಜ್ವರ ಬಂದ ದಿನ ನಾನು ಕೇಳುವ ಮೊದಲ ಪ್ರಶ್ನೆ ಇವೇ.

ಲಸಿಕೆಯ ಆಸುಪಾಸಿನಲ್ಲಿ ಥೈಲೇರಿಯಾ ಕೊಲ್ಲುವ ಔಷಧಿ ಬುಪಾರ್ವಕ್ವೋನ್ ಚುಚ್ಚಿಸಿದರೆ ಅದು ಲಸಿಕೆಯ ಜೀವಿಯನ್ನೂ ಕೊಂದುಬಿಡುತ್ತದೆ. "ಎರಡೂ ಒಟ್ಟಿಗೆ ಹಾಕ್ಬಿಡಿ ಮೇಡಂ, ಗಟ್ಟಿ ಆಗ್ಲಿ" ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಲಸಿಕೆಗೆ ಕೊಟ್ಟ ದುಡ್ಡು ಹೋದಂತೆ.

ಉಣ್ಣೆಯ ಕೆಲಸ

ಯಾವ ತಳಿಯೇ ಇರಲಿ, ಹಸುವಿಗೆ ಬರಬೇಕಾದರೆ ಉಣ್ಣೆಯೇ ತರಬೇಕು. ತಳಿ ಬದಲಾದರೂ ಕೆಲಸ ಕೆಡದ ರಕ್ಷಣೆ ಇದೊಂದೇ. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಹಯಲೊಮ್ಮ ಉಣ್ಣೆ ಕಚ್ಚಿದ ಕ್ಷಣವೇ ಥೈಲೇರಿಯಾ ಒಳಗೆ ಹೋಗುವುದಿಲ್ಲ. ಅದರ ಜೊಲ್ಲಿನ ಗ್ರಂಥಿಯಲ್ಲಿರುವ ಜೀವಿ ರಕ್ತದ ರುಚಿ ಸಿಕ್ಕ ಮೇಲೆ ಬಲಿಯುತ್ತದೆ. ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟರೊಳಗೆ ಉಣ್ಣೆ ಕಿತ್ತರೆ ಆ ಕಡಿತದಿಂದ ರೋಗ ಬರುವುದು ಬಹುಮಟ್ಟಿಗೆ ತಪ್ಪುತ್ತದೆ. ಹಾಲು ಕರೆಯುವ ಹೊತ್ತಿಗೆ ದಿನಾ ಕೈಯಾಡಿಸುವುದು ಎಷ್ಟು ದೊಡ್ಡ ಔಷಧಿ ನೋಡಿ. ಕೆಚ್ಚಲಿನ ಸಂದು, ಬಾಲದ ಬುಡ, ತೊಡೆಯ ಒಳಭಾಗ, ಗಂಗೆದೊಗಲು, ಕಿವಿಯ ಒಳಗೆ. ಕಿವಿಯೊಳಗೆ ಮರಿ ಉಣ್ಣೆ ಇರುತ್ತದೆ, ಎಳ್ಳಿಗಿಂತ ಸಣ್ಣದು, ಬೆರಳಿಗೆ ಒರಟಾಗಿ ಸಿಗುತ್ತದೆ. ಮನೆಯಲ್ಲಿ ಈ ಕೆಲಸ ಚೆನ್ನಾಗಿ ಮಾಡುವವರು ಹೆಂಗಸರು. ನನ್ನ ಅಮ್ಮ ಕರೆಯುವ ಮೊದಲು ಹಸುವಿನ ಮೈಯೆಲ್ಲ ಸವರದೆ ಕೂರುತ್ತಿರಲಿಲ್ಲ.

ಕಿತ್ತ ಉಣ್ಣೆಯನ್ನು ಬೆರಳಲ್ಲಿ ಹಿಸುಕಬೇಡಿ. ನಿಧಾನವಾಗಿ ನೇರ ಎಳೆದು, ಸೋಪಿನ ನೀರು ಅಥವಾ ಸೀಮೆಎಣ್ಣೆ ಇರುವ ಡಬ್ಬಿಗೆ ಹಾಕಿ. ಉಣ್ಣೆ ಮನುಷ್ಯರಿಗೂ ರೋಗ ತರುತ್ತದೆ. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಮಂಗನ ಕಾಯಿಲೆ 1957ರಿಂದ ಗೊತ್ತಿರುವುದೇ. ಹಯಲೊಮ್ಮ ಹರಡುವ ಕಾಂಗೋ ಜ್ವರ ಗುಜರಾತಿನಲ್ಲಿ ಜನರನ್ನು ಕೊಂದಿದೆ.

ಮೈಮೇಲೆ ಕಾಣುವ ಉಣ್ಣೆಗಿಂತ ಕೊಟ್ಟಿಗೆಯಲ್ಲಿ ಅಡಗಿರುವುದೇ ಜಾಸ್ತಿ. ಹಯಲೊಮ್ಮ ರಕ್ತ ಕುಡಿದು ಕೆಳಗೆ ಬಿದ್ದು ಗೋಡೆಯ ಸಂದಿಗೆ ಹೋಗುತ್ತದೆ. ಅಲ್ಲೇ ಪೊರೆ ಕಳಚುತ್ತದೆ, ಅಲ್ಲೇ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮ ಕಡೆಯ ಕಲ್ಲು ಮಣ್ಣಿನ ಗೋಡೆ, ಹಳೆಯ ಮಾಳಿಗೆ ಮನೆಯ ಕೊಟ್ಟಿಗೆ ಅದಕ್ಕೆ ಅರಮನೆ. ಸಂದಿಗಳಿಗೆ ಸಿಮೆಂಟು ತುಂಬಿಸಿ, ಆಗದಿದ್ದರೆ ಮಣ್ಣು ಮೆತ್ತಿ ಸುಣ್ಣ ಹೊಡೆಯಿರಿ. ಗೋದಲಿಯ ಕೆಳಗೆ, ಗೂಟದ ಬುಡದಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ ಮರೆಯಬೇಡಿ. ಬ್ಲೋ ಲ್ಯಾಂಪಿನ ಬೆಂಕಿಯಿಂದ ಸಂದಿ ಸುಡುವುದು ಒಳ್ಳೆಯದೇ, ಆದರೆ ದನ, ಹುಲ್ಲು, ಸಪ್ಪೆ ಎಲ್ಲ ಹೊರಗೆ ಹೋದ ಮೇಲೆ ಮಾತ್ರ. ತಿಪ್ಪೆಯನ್ನು ಕೊಟ್ಟಿಗೆ ಗೋಡೆಗೆ ಒತ್ತಿ ಹಾಕಬೇಡಿ. ನಾಟಿ ಕೋಳಿ ಇದ್ದರೆ ಬಿಡಿ, ಬಿದ್ದ ಉಣ್ಣೆ ಹೆಕ್ಕುತ್ತವೆ.

ಔಷಧಿ ಸಿಂಪಡಿಸುವಾಗ ಡಬ್ಬಿಯ ಮೇಲೆ ಬರೆದಷ್ಟೇ ಬೆರೆಸಿ. ಕಡಿಮೆ ಹಾಕಿದರೆ ಗಟ್ಟಿ ಉಣ್ಣೆ ಉಳಿದು ಅದರ ಸಂತಾನವೇ ಬೆಳೆಯುತ್ತದೆ. ಡೆಲ್ಟಾಮೆಥ್ರಿನ್ ಎಂಬ ಉಣ್ಣೆ ಔಷಧಿಗೆ ಸಾಯದ ಉಣ್ಣೆ ದೇಶದ ಹಲವು ಕಡೆ ಈಗಾಗಲೇ ಇದೆ, ಅದೂ ಅವುಗಳ ಜೀನಿನಲ್ಲಿ ಬಂದ ಬದಲಾವಣೆಯೇ. ಒಂದು ಔಷಧಿ ಕೆಲಸ ಮಾಡಲಿಲ್ಲವೆಂದು ಎರಡು ಬೆರೆಸಿ ಹೊಡೆಯಬೇಡಿ. ಡಾಕ್ಟರನ್ನು ಕೇಳಿ ಬೇರೆ ಗುಂಪಿನ ಔಷಧಿಗೆ ಬದಲಿಸಿ. ದನಕ್ಕೆ ಮೊದಲು ನೀರು ಕುಡಿಸಿ, ಬೆಳಿಗ್ಗೆ ತಂಪಿನಲ್ಲಿ ಹೊಡೆಯಿರಿ. ಕೂದಲಿನ ಎದುರು ದಿಕ್ಕಿಗೆ ಹೊಡೆದು ಚರ್ಮದವರೆಗೆ ನೆನೆಸಿ, ಕಿವಿಯೊಳಗೆ ಬಟ್ಟೆಯಿಂದ ಒರೆಸಿ. ಅದೇ ದಿನ ಕೊಟ್ಟಿಗೆಗೂ ಹೊಡೆಯಿರಿ, ಇಲ್ಲವಾದರೆ ಸಂಜೆಗೆ ಮತ್ತೆ ಹತ್ತುತ್ತವೆ. ಮೈ ಒಣಗುವ ತನಕ ನೆಕ್ಕಿಕೊಳ್ಳಲು ಬಿಡಬೇಡಿ. ಐವರ್‌ಮೆಕ್ಟಿನ್ ಇಂಜೆಕ್ಷನ್ ಹಾಲು ಕೊಡುವ ಹಸುವಿಗೆ ಬೇಡ, ಹಾಲಿನಲ್ಲಿ ಉಳಿಯುತ್ತದೆ.

ಉಣ್ಣೆಗೇ ಲಸಿಕೆ ಇಲ್ಲವಾ ಅಂತ ಓದಿಕೊಂಡ ಹುಡುಗರು ಕೇಳುತ್ತಾರೆ. ಆಸ್ಟ್ರೇಲಿಯಾ, ಕ್ಯೂಬಾದಲ್ಲಿ 1990ರ ದಶಕದಲ್ಲೇ ಬಂತು. ಉಣ್ಣೆಯ ಕರುಳಿನ ಬಿಎಂ86 ಎಂಬ ಪ್ರೋಟೀನಿನಿಂದ ಮಾಡಿದ್ದು. ಅಲ್ಲೂ ಇದೇ ತೊಡಕು ಕಾಡಿತು. ಅರ್ಜೆಂಟೀನಾದ ಕೆಲವು ಉಣ್ಣೆಗಳಲ್ಲಿ ಆ ಪ್ರೋಟೀನು ಸ್ವಲ್ಪ ಬೇರೆಯಾಗಿದ್ದರಿಂದ ಲಸಿಕೆ ಹತ್ತಲಿಲ್ಲ. ನಮ್ಮ ಹಟ್ಟಿಗಳಿಗೆ ಸದ್ಯಕ್ಕೆ ಅದು ಬರುವ ಮಾತಿಲ್ಲ.

ಹೊಸ ಹಸು ತರುವಾಗ

ಕೋಲಾರ, ಚಿಂತಾಮಣಿ ಕಡೆಯಿಂದ ತಂದ ಹಸು ಹಾಲಿನ ಜೊತೆ ಅಲ್ಲಿಯ ಉಣ್ಣೆಯನ್ನೂ ಅಲ್ಲಿಯ ತಳಿಯನ್ನೂ ತರುತ್ತದೆ. ಆ ಹಸುವಿಗೆ ನಮ್ಮ ಊರಿನ ತಳಿ ಹೊಸದು. ನಮ್ಮ ಹಸುಗಳಿಗೆ ಅದು ತಂದ ತಳಿ ಹೊಸದು. ಲಾರಿ ಇಳಿಯುವ ಜಾಗದಲ್ಲೇ ಮೈ ನೋಡಿ ಔಷಧಿ ಹೊಡೆಯಿರಿ. ಮೂರ್ನಾಲ್ಕು ವಾರ ಬೇರೆ ಕಟ್ಟಿ, ದಿನಾ ಬೆಳಿಗ್ಗೆ ಜ್ವರ ನೋಡಿ. ಉಣ್ಣೆ ಕಚ್ಚಿ ರೋಗ ತೋರಲು ಒಂದರಿಂದ ಮೂರು ವಾರ ಬೇಕಾಗುತ್ತದೆ. ದಲ್ಲಾಳಿ ಲಸಿಕೆ ಆಗಿದೆ ಎಂದರೆ ತಾರೀಖು ಕೇಳಿ, ಕಿವಿಯೋಲೆಯ ನಂಬರು ಕೊಟ್ಟು ಪಶು ಆಸ್ಪತ್ರೆಯಲ್ಲಿ ದಾಖಲೆ ನೋಡಿಸಿ.

ಜ್ವರ ಬಂದ ದಿನ

ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಹಸುವಿನ ಮಾಮೂಲಿ ಬಿಸಿ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಥೈಲೇರಿಯಾದಲ್ಲಿ 104ರಿಂದ 107ರ ತನಕ ಏರುತ್ತದೆ. ಮೇವು ಬಿಡುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ. ಭುಜದ ಮುಂದೆ, ಕುತ್ತಿಗೆ ಸೇರುವಲ್ಲಿ ಕೈಯಿಟ್ಟು ನೋಡಿ. ಅಲ್ಲಿಯ ಗಂಟು ಊದಿಕೊಂಡು ಕೈಗೆ ಸಿಗುತ್ತದೆ. ಇಂಥ ಗಂಟು ಸಿಕ್ಕರೆ ಆ ದಿನವೇ ಡಾಕ್ಟರನ್ನು ಕರೆಯಿರಿ. ಉಸಿರು ಮೇಲೆ ಕೆಳಗೆ ಆಗುವ ತನಕ, ಕಣ್ಣಿನ ರೆಪ್ಪೆಯ ಒಳಗೆ ಬಿಳಚಿಕೊಳ್ಳುವ ತನಕ ಕಾಯಬೇಡಿ. ಸಂಚಾರಿ ಆಸ್ಪತ್ರೆಯ ಸಹಾಯವಾಣಿ 1962.

ಡಾಕ್ಟರು ಬಂದಾಗ ಇಂಜೆಕ್ಷನ್ನಿಗೆ ಮೊದಲೇ ಕೇಳಿ: "ರಕ್ತ ತಗೋತೀರಾ?" ಕಿವಿಯ ತುದಿಯಿಂದ ಒಂದು ಹನಿ ಗಾಜಿನ ಸ್ಲೈಡಿಗೆ. ಊದಿದ ಗಂಟಿನಿಂದ ಸೂಜಿಯಲ್ಲಿ ತೆಗೆದ ರಸ ಇನ್ನೊಂದು ಸ್ಲೈಡಿಗೆ. ಕುತ್ತಿಗೆಯ ನಾಳದಿಂದ 2 ಮಿಲಿ ರಕ್ತ ನೇರಳೆ ಮುಚ್ಚಳದ ಟ್ಯೂಬಿಗೆ. ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು, ಕುಲುಕಬಾರದು. ಇದಕ್ಕೆಲ್ಲ ಹೆಚ್ಚು ಹೊತ್ತು ಬೇಡ. ಆಮೇಲೆ ಚಿಕಿತ್ಸೆ ಶುರುವಾಗಲಿ. ಲ್ಯಾಬಿನ ಉತ್ತರಕ್ಕೆ ಕಾದು ಹಸು ಕಳೆದುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ರಕ್ತ ಮೊದಲು, ಇಂಜೆಕ್ಷನ್ ಆಮೇಲೆ, ಎರಡೂ ಅದೇ ಹೊತ್ತಿನಲ್ಲಿ.

ಔಷಧಿ ಬಿದ್ದ ಮೇಲೆ ತೆಗೆದ ರಕ್ತದಲ್ಲಿ ಜೀವಿ ಕಡಿಮೆಯಾಗಿರುತ್ತದೆ, ಹಸು ಮಲಗಿಸಿದ ತಳಿ ಯಾವುದೆಂದು ಹಿಡಿಯುವುದು ಕಷ್ಟ. ಅದೂ ಅಲ್ಲದೆ ಮೂರು ರೋಗಕ್ಕೂ ಔಷಧಿ ಬೇರೆ ಬೇರೆ. ಥೈಲೇರಿಯಾಕ್ಕೆ ಬುಪಾರ್ವಕ್ವೋನ್, ಬೆಬೇಸಿಯಾಕ್ಕೆ ಡೈಮಿನಜೀನ್ ಅಥವಾ ಇಮಿಡೋಕಾರ್ಬ್, ಅನಾಪ್ಲಾಸ್ಮಾಕ್ಕೆ ಟೆಟ್ರಾಸೈಕ್ಲಿನ್. ಅಂದಾಜಿನಲ್ಲಿ ಎಲ್ಲವನ್ನೂ ಚುಚ್ಚಿದರೆ ಸೊರಗಿದ ಹಸು ಇನ್ನೂ ಸೊರಗುತ್ತದೆ.

ಬುಪಾರ್ವಕ್ವೋನ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಇದು ದುಬಾರಿ ಔಷಧಿ, ಅದಕ್ಕೇ ಒಂದು ಬಾಟಲಿಯನ್ನು ಎರಡು ಹಸುವಿಗೆ ಹಂಚಿಸುವವರಿದ್ದಾರೆ. ಅಳತೆ 20 ಕಿಲೋ ತೂಕಕ್ಕೆ 1 ಮಿಲಿ, ಸ್ನಾಯುವಿಗೆ. ತೂಕ ತಿಳಿಯಲು ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ. ಭುಜದ ಮೂಳೆಯಿಂದ ಹಿಂದಿನ ಪಿರ್ರೆ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ. ಬಂದದ್ದನ್ನು 660ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಸುತ್ತಳತೆ 66 ಇಂಚು, ಉದ್ದ 54 ಇಂಚು ಇದ್ದರೆ ಹಸು ಸುಮಾರು 356 ಕಿಲೋ. ಔಷಧಿ ಸುಮಾರು 18 ಮಿಲಿ, ಒಂದೇ ಕಡೆ 10 ಮಿಲಿ ಮೀರದ ಹಾಗೆ ಎರಡು ಕಡೆ ಚುಚ್ಚಬೇಕು. ಅರ್ಧ ಡೋಸು ಕೊಟ್ಟರೆ ಮೆತ್ತಗಿನ ಜೀವಿ ಸತ್ತು ಗಟ್ಟಿಯದು ಉಳಿಯುತ್ತದೆ. ಟ್ಯುನೀಷಿಯಾ, ಇರಾನಿನಲ್ಲಿ ಈ ಔಷಧಿಗೆ ಬಗ್ಗದ ಥೈಲೇರಿಯಾ ಆಗಲೇ ಸಿಕ್ಕಿದೆ. ಸೈಟೋಕ್ರೋಮ್ ಬಿ ಎಂಬ ಜೀನಿನಲ್ಲಿ ಸಣ್ಣ ಬದಲಾವಣೆ, ಅಷ್ಟಕ್ಕೇ ಔಷಧಿ ಹಿಡಿಯುವುದಿಲ್ಲ. ಈ ಔಷಧಿ ಕೈಬಿಟ್ಟರೆ ನಮಗೆ ಇಷ್ಟೇ ಒಳ್ಳೆಯ ಇನ್ನೊಂದು ಇಲ್ಲ. ಎರಡು ಮೂರು ದಿನದಲ್ಲಿ ಜ್ವರ ಇಳಿಯದಿದ್ದರೆ ಮತ್ತೆ ಡಾಕ್ಟರನ್ನು ಕರೆಯಿರಿ, ಆಗಲೂ ಮತ್ತೊಮ್ಮೆ ರಕ್ತ ತೆಗೆಸಿ. ಹಾಲು ಎಷ್ಟು ದಿನ ಡೈರಿಗೆ ಹಾಕಬಾರದು ಎಂದು ಕೇಳಿ, ಅಷ್ಟು ದಿನ ಹಾಕಬೇಡಿ.

ಟ್ಯೂಬಿನ ಜೊತೆಗಿನ ಚೀಟಿ

ಟ್ಯೂಬು ಐಸ್ ಪ್ಯಾಕಿನ ಡಬ್ಬಿಯಲ್ಲಿ ಹೋಗಬೇಕು. ಫ್ರೀಜರಿನಲ್ಲಿಟ್ಟರೆ ರಕ್ತಕಣ ಒಡೆಯುತ್ತವೆ. ನಿಮ್ಮ ಪಶು ಆಸ್ಪತ್ರೆಯ ಮೂಲಕವೇ ಕಳಿಸಿ. ಸ್ಲೈಡನ್ನು ಹತ್ತಿರದಲ್ಲೇ ನೋಡುತ್ತಾರೆ. ಡಿಎನ್‌ಎ ಪರೀಕ್ಷೆ ಬೇಕಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು, ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಂಥ ಕಡೆ ಡಾಕ್ಟರು ಕೇಳಿ ನೋಡಬಹುದು.

ಚೀಟಿಯಲ್ಲಿ ಏನಿರಬೇಕು ಹೇಳುತ್ತೇನೆ. ಕಿವಿಯೋಲೆ ನಂಬರು, ಊರು, ತಾಲ್ಲೂಕು. ಹಸು ಇಲ್ಲೇ ಹುಟ್ಟಿದ್ದಾ, ಹೊರಗಿನಿಂದ ತಂದದ್ದಾ, ಎಲ್ಲಿಂದ, ಯಾವಾಗ. ಲಸಿಕೆಯ ತಾರೀಖು ಮತ್ತು ಬ್ಯಾಚು. ಜ್ವರ ಶುರುವಾದ ದಿನ, ಎಷ್ಟು ಡಿಗ್ರಿ. ಈ ಮೊದಲು ಯಾರಾದರೂ ಏನಾದರೂ ಚುಚ್ಚಿದ್ದರೆ ಅದು. ಪಕ್ಕದಲ್ಲಿ ನಾಟಿ ದನದ ಹಿಂಡು ಮೇಯುತ್ತದಾ ಅನ್ನುವುದನ್ನೂ ಬರೆಯಿರಿ. ಹಸುವಿನ ಮೈಮೇಲೆ ಸಿಕ್ಕ ಉಣ್ಣೆ ನಾಲ್ಕೈದನ್ನು ಸ್ಪಿರಿಟ್ಟಿನ ಪುಟ್ಟ ಬಾಟಲಿಯಲ್ಲಿ ಹಾಕಿ ಜೊತೆಗೆ ಕೊಡಿ. ಹಳ್ಳಿಯೊಂದರಲ್ಲಿ ಲಸಿಕೆ ಆದ ಮೂರು ಹಸು ಮಲಗಿದಾಗ ಚೀಟಿಯಿಲ್ಲದ ಟ್ಯೂಬುಗಳು ಲ್ಯಾಬಿಗೆ ಹೋಗಿದ್ದನ್ನು ನೋಡಿದ್ದೇನೆ. ಥೈಲೇರಿಯಾ ಇದೆ ಎಂದು ಉತ್ತರ ಬಂತು. ಯಾವ ಹಸುವಿನದು, ಲಸಿಕೆಗೆ ಮೊದಲೇ ಇದ್ದದ್ದಾ, ಆಮೇಲೆ ಬಂದದ್ದಾ, ಯಾರಿಗೂ ಹೇಳಲಾಗಲಿಲ್ಲ.

ಉತ್ತರ ಬಂದಾಗ ಓದುವ ಕ್ರಮವೂ ಇದೆ. ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಪಾಸಿಟಿವ್ ಎಂದ ಮಾತ್ರಕ್ಕೆ ಹಸು ಥೈಲೇರಿಯಾದಿಂದಲೇ ಮಲಗಿದೆ ಎಂದಲ್ಲ. ನಮ್ಮ ಸೀಮೆಯಲ್ಲಿ ಗಟ್ಟಿಮುಟ್ಟಾಗಿ ಮೇಯುವ ದನದ ರಕ್ತವೂ ಪಾಸಿಟಿವ್ ಬರಬಹುದು. ಗಂಟಿನ ಸ್ಲೈಡಿನಲ್ಲಿ ಬಿಳಿ ಕಣದೊಳಗೆ ಜೀವಿ ಕಂಡಿದೆಯಾ, ಜ್ವರ ಎಷ್ಟಿತ್ತು, ರಕ್ತ ಎಷ್ಟು ಇಳಿದಿದೆ, ಇವೆಲ್ಲ ಸೇರಿಸಿ ಡಾಕ್ಟರು ಹೇಳಬೇಕು. ಉತ್ತರದ ಒಂದು ಪ್ರತಿ ಕೇಳಿ ಪಡೆದು ಲಸಿಕೆ ಬರೆದಿಟ್ಟ ಅದೇ ನೋಟ್‌ಬುಕ್ಕಿಗೆ ಅಂಟಿಸಿ, ಡೈರಿಯಲ್ಲೂ ಒಂದು ಪ್ರತಿ ಕೊಡಿ. ಒಂದೇ ಊರಿನಲ್ಲಿ ಲಸಿಕೆ ಆದ ಎರಡನೇ ಹಸು ಮಲಗಿದರೆ ತಾಲ್ಲೂಕಿನ ಸಹಾಯಕ ನಿರ್ದೇಶಕರಿಗೆ ಬರಹದಲ್ಲಿ ತಿಳಿಸಿ, ಬ್ಯಾಚ್ ನಂಬರು ಸಮೇತ. ಲಸಿಕೆ ದಾರಿಯಲ್ಲಿ ಕೆಟ್ಟಿತ್ತಾ, ಊರಿನ ತಳಿಯೇ ಬೇರೆಯಾ ಎಂದು ಹುಡುಕುವ ಕೆಲಸ ಆ ಪತ್ರದಿಂದಲೇ ಶುರುವಾಗುತ್ತದೆ.